ಒಂದು ತುಂಡು ಕೇಕು

ಪ್ರೀತಿಯ ಮಕ್ಕಳೇ, ಪಕ್ಕದಲ್ಲೇ ಕನ್ನಡಕ ಹುಡುಕುತ್ತಿರುವ ಅಜ್ಜ-ಅಜ್ಜಿಯರೇ,

ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ.

ನಮ್ಮ ಮನೆ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿದೆ. ಅಂದು ಶುಭ ಶುಕ್ರವಾರ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದನ್ನು ನೆನೆಯುವ ದಿನ. ನನಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಆದರೂ ಹಟ ಹಿಡಿದು ಉಪವಾಸ ಕೂತಿದ್ದೆ. ಮನೆಯಲ್ಲಿ ಸಿಹಿ ಕೂಡದು, ಟೀವಿ ಕೂಡದು, ಜೋರಾಗಿ ನಗುವುದೂ ಕೂಡದು!

ಹನ್ನೊಂದು ಗಂಟೆಗೆ ಎಂಟು ವರ್ಷದ ಮೊಮ್ಮಗಳು ಕೆಳಗಿನಿಂದ ಓಡಿ ಬಂದಳು. ತುಟಿಯ ಮೇಲೆಲ್ಲ ಕೆನೆ. ವಾಚ್‌ಮನ್ನರ ಮಗಳ ಹುಟ್ಟುಹಬ್ಬವಂತೆ, ಕೇಕು ಕೊಟ್ಟಳಂತೆ.

"ಇವತ್ತು ಎಂಥ ದಿನ ಅಂತ ಗೊತ್ತಿಲ್ವಾ? ಇವತ್ತೇ ಕೇಕು ತಿನ್ನಬೇಕಾ?" ಎಂದು ಗದರಿದೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಕೈಯಲ್ಲಿ ತಟ್ಟೆ, ಅದರಲ್ಲಿ ನನಗಾಗಿ ತಂದ ಒಂದು ತುಂಡು ಕೇಕು. ಮಾತಿಲ್ಲದೆ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದಳು.

ಮೂರು ಗಂಟೆಗೆ ಚರ್ಚಿನಲ್ಲಿ ಕೂತರೂ ಕಣ್ಣ ಮುಂದೆ ಆ ತಟ್ಟೆಯೇ. ಆಗ ಲೂಕನ ಸುವಾರ್ತೆಯಲ್ಲಿ ಬರುವ ಒಂದು ಘಟನೆ ನೆನಪಾಯಿತು.

ಒಬ್ಬ ಹೆಂಗಸಿಗೆ 18 ವರ್ಷದಿಂದ ಬೆನ್ನು ಬಾಗಿತ್ತು. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಸಬ್ಬತ್ ದಿನ ಪ್ರಾರ್ಥನಾ ಮಂದಿರದಲ್ಲಿ ಯೇಸು ಅವಳನ್ನು ಕರೆದು ಗುಣಪಡಿಸಿದರು. ಮಂದಿರದ ಅಧಿಕಾರಿಗೆ ಸಿಟ್ಟು ಬಂತು. ಕೆಲಸಕ್ಕೆ ಆರು ದಿನಗಳಿವೆ, ಗುಣವಾಗಬೇಕಾದವರು ಆಗ ಬರಲಿ ಎಂದ. ಸಬ್ಬತ್ತಿನಂದೂ ನೀವು ಎತ್ತು-ಕತ್ತೆಗಳನ್ನು ಬಿಚ್ಚಿ ನೀರಿಗೆ ಒಯ್ಯುತ್ತೀರಲ್ಲ, ಇಷ್ಟು ವರ್ಷ ಕಟ್ಟುಬಿದ್ದ ಈ ತಾಯಿಯನ್ನು ಬಿಚ್ಚಬಾರದೇ ಎಂದು ಯೇಸು ಕೇಳಿದರು.

ಸಬ್ಬತ್ ಕೆಟ್ಟ ನಿಯಮವಲ್ಲ, ಮಕ್ಕಳೇ. ವಾರಕ್ಕೊಂದು ದಿನ ಯಜಮಾನನಂತೆ ಆಳುಗಳಿಗೂ ದನಕರುಗಳಿಗೂ ವಿಶ್ರಾಂತಿ ಸಿಗಲಿ ಎಂಬ ಕರುಣೆಯ ನಿಯಮ ಅದು. ಕರುಣೆಯನ್ನು ಮರೆತು ನಿಯಮವನ್ನಷ್ಟೇ ಹಿಡಿದಾಗ ತೊಂದರೆ.

ನಮ್ಮ ಉಪವಾಸವೂ ಹಾಗೆಯೇ. ಕಥೋಲಿಕ ಧರ್ಮಸಭೆಯ ನಿಯಮದಂತೆ ಶುಭ ಶುಕ್ರವಾರದ ಉಪವಾಸ 18ರಿಂದ 59 ವರ್ಷದವರಿಗೆ ಮಾತ್ರ. ಮಕ್ಕಳಿಗಿಲ್ಲ, ಮುದುಕರಿಗಿಲ್ಲ, ಕಾಯಿಲೆಯವರಿಗೂ ಇಲ್ಲ. ಅಂದರೆ ಮೊಮ್ಮಗಳು ಯಾವ ನಿಯಮವನ್ನೂ ಮುರಿದಿರಲಿಲ್ಲ. ಮುರಿದದ್ದು ಅಜ್ಜನ ಹಟವನ್ನು! ನಾನು ಹೊಟ್ಟೆಯನ್ನು ಖಾಲಿ ಇಟ್ಟಿದ್ದೆ. ಬಾಯಿಗೆ ಮಾತ್ರ ಉಪವಾಸವಿರಲಿಲ್ಲ.

ಸಂಜೆ ಮೊಮ್ಮಗಳ ಕೈ ಹಿಡಿದು ಕೆಳಗೆ ಹೋದೆ. "ತಪ್ಪಾಯ್ತು ಮರಿ. ನನ್ನ ಪಾಲು ಇನ್ನೂ ಇದೆಯಾ?" ಎಂದೆ. ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ, ಲೋಟ ಮುಚ್ಚಿಟ್ಟಿದ್ದ ತಟ್ಟೆ ತಂದಳು.

"ಅಜ್ಜನಿಗೆ ಸಕ್ಕರೆ ಕಾಯಿಲೆ. ಇಷ್ಟೇ ಕೊಡು!" ಎಂದು ಮೊಮ್ಮಗಳು ಬೆರಳ ತುದಿ ತೋರಿಸಿದಳು. ಆ ಚೂರಿನಲ್ಲೇ ನನ್ನ ಉಪವಾಸ ಮುಗಿಯಿತು.

ಅಜ್ಜ-ಅಜ್ಜಿಯರೇ, ನಿಮ್ಮ ಮನೆಯ ನಿಯಮಗಳಲ್ಲಿ ಯಾರಾದರೂ ತಲೆ ತಗ್ಗಿಸಿ ಮೆಟ್ಟಿಲಿಳಿದದ್ದುಂಟೇ? ಮಕ್ಕಳೇ, ಅಂಥವರು ನಿಮಗೆ ಗೊತ್ತಿದ್ದರೆ ಅಜ್ಜನ ಕಿವಿಯಲ್ಲಿ ಮೆಲ್ಲಗೆ ಹೇಳಿ. ಕೆಳಗಿಳಿದು ಹೋಗಲು ಜೊತೆಗೊಂದು ಪುಟ್ಟ ಕೈ ಬೇಕಾಗುತ್ತದೆ.