ಹಳೆಯ ಬೈಕು, ಬದಲಾಗದ ಹೆಸರು

ಕೆಲವು ವರ್ಷಗಳ ಹಿಂದೆ ಕೊಪ್ಪದಲ್ಲಿ ನಾನೊಂದು ಹಳೆಯ ಬೈಕು ಕೊಂಡೆ. 2003ರಲ್ಲಿ ನೋಂದಣಿಯಾದ, ನೂರು ಸಿಸಿಯ ಸಾಧಾರಣ ಗಾಡಿ. ಮಾರಿದವರು ಸಜ್ಜನರು, ಎಂಜಿನ್ ನೆಟ್ಟಗಿತ್ತು, ಬೆಲೆಯೂ ನ್ಯಾಯವಾಗಿತ್ತು. ಆದರೆ ಆರ್‌ಸಿ ಪುಸ್ತಕದಲ್ಲಿದ್ದ ಹೆಸರು ಅವರದಲ್ಲ. ಅವರಿಗೆ ಮಾರಿದವರದೂ ಅಲ್ಲ. ಕೈಯಿಂದ ಕೈಗೆ ದಾಟಿ ಬಂದಿದ್ದ ಗಾಡಿಗೆ ಕಾನೂನಿನ ದೃಷ್ಟಿಯಲ್ಲಿ ಮೊದಲ ಯಜಮಾನರೇ ಇನ್ನೂ ಯಜಮಾನರು. ನರಸಿಂಹರಾಜಪುರದ ಕಡೆಯ ಹಳ್ಳಿಯೊಂದರಲ್ಲಿ ಅವರನ್ನು ಹುಡುಕಿ ಸಹಿ ಕೇಳಿದಾಗ, ಆ ಗಾಡಿ ಇನ್ನೂ ಓಡುತ್ತಿದೆಯೆಂಬುದೇ ಅವರಿಗೆ ಸೋಜಿಗವೆನಿಸಿತು. ಇಷ್ಟು ವರ್ಷ ಅದು ತಮ್ಮ ಹೊಣೆಯ ಮೇಲೆಯೇ ಓಡಿದೆ ಎಂದು ತಿಳಿದಾಗ ಅವರ ಮುಖದಲ್ಲಿದ್ದ ನಗು ಮಾಯವಾಯಿತು.

ನಗರವಾಸಿಗಳಿಗೆ ಹಳೆಯ ಬೈಕು ಎಂದೊಡನೆ ನೆನಪಾಗುವುದು ಹವ್ಯಾಸ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಅದೇ ಕಾಲದ ಯಮಹಾ ಆರ್‌ಎಕ್ಸ್ 100 ಇಂದು ಅಭಿಮಾನಿಗಳ ಆಸ್ತಿ. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮಗಳನ್ನೇ ರೂಪಿಸಿತು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹಳೆಯ ಬೈಕು ಹವ್ಯಾಸವಲ್ಲ, ಅನಿವಾರ್ಯ. ಕೊನೆ ಕೊಯ್ಯುವವರು, ತೋಟಕ್ಕೆ ಔಷಧಿ ಹೊಡೆಯುವವರು, ಡೇರಿಗೆ ಹಾಲು ಒಯ್ಯುವವರು ಏರುವುದು ಹದಿನೈದು, ಇಪ್ಪತ್ತು ವರ್ಷದ ಗಾಡಿಗಳನ್ನೇ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಕೆಲಸ ಕಳೆದುಕೊಂಡ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಸುಮಾರು ಮೂರು ದಶಕ ಈ ಭಾಗದ ಒಳದಾರಿಗಳ ಜೀವನಾಡಿಯಾಗಿತ್ತು. ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಅದರ ಬಸ್ಸುಗಳು ನಿಂತವು. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿತು, ನಿಜ. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ಟಿಗೆ ಅರ್ಥವೇನು? ಬಸ್ಸು ಬಿಟ್ಟುಹೋದ ಜಾಗವನ್ನು ತುಂಬಿದ್ದು ಹಳೆಯ ಬೈಕು.

ಹೊಸದನ್ನೇ ಏಕೆ ಕೊಳ್ಳಬಾರದು ಎಂಬ ಪ್ರಶ್ನೆ ಸಹಜ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆದರೂ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಸೀಮೆಯಲ್ಲಿ ಕಂತಿನ ಸಾಲ ಸಣ್ಣ ಮಾತಲ್ಲ. ಅಲ್ಲದೆ, 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಮಾನದಂಡದೊಂದಿಗೆ ಸೆನ್ಸರ್ ಮತ್ತು ಫ್ಯುಯಲ್ ಇಂಜೆಕ್ಷನ್ ಸಾಮಾನ್ಯ ಬೈಕುಗಳಿಗೂ ಬಂದವು. ಹೊಗೆ ಕಡಿಮೆಯಾಯಿತು, ಜೊತೆಗೆ ಹಳ್ಳಿಯ ಗ್ಯಾರೇಜಿನವನ ಕೈಗೆ ರಿಪೇರಿ ನಿಲುಕದಾಯಿತು. ಕಾರ್ಬ್ಯುರೇಟರ್ ಗಾಡಿಯನ್ನು ಆತ ಒಂದು ಸ್ಪ್ಯಾನರಿನಿಂದ ಬಿಚ್ಚಿ, ತೊಳೆದು, ಸಂಜೆಯೊಳಗೆ ಓಡಿಸಬಲ್ಲ.

ಆದ್ದರಿಂದ ಮಲೆನಾಡಿನ ಹಳೆಯ ಬೈಕಿನ ಸಮಸ್ಯೆ ಎಂಜಿನ್ನಿನದಲ್ಲ, ಕಾಗದದ್ದು. ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯುಷ್ಯ. ಬಳಿಕ ಐದೈದು ವರ್ಷಕ್ಕೆ ನವೀಕರಣ. ನನ್ನ ಗಾಡಿಯ ಮೊದಲ ನವೀಕರಣ ಬಂದ 2018ರಲ್ಲಿ ಇದರ ಶುಲ್ಕ 300 ರೂಪಾಯಿ. 2022ರ ಏಪ್ರಿಲ್‌ನಿಂದ 1,000. 2025ರ ಆಗಸ್ಟ್‌ನ ಅಧಿಸೂಚನೆಯಂತೆ, 20 ವರ್ಷ ದಾಟಿದ ಬೈಕಿಗೆ 2,000. ಹಳೆಯ ವಾಹನಗಳನ್ನು ರಸ್ತೆಯಿಂದ ದೂರವಿಡುವುದು ಇದರ ಉದ್ದೇಶ. ಆದರೆ ಶುಲ್ಕಕ್ಕಿಂತ ಭಾರವಾದುದು ದಾರಿ. ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಎಲ್ಲಿಯೂ ಆರ್‌ಟಿಒ ಕಚೇರಿಯಿಲ್ಲ. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬಹುದು. ಗಾಡಿಯನ್ನು ತಪಾಸಣೆಗೆ ಒಯ್ಯದೆ ವಿಧಿಯಿಲ್ಲ. ಅವಧಿ ಮುಗಿದಿದ್ದರೆ ಅದನ್ನು ರಸ್ತೆಯಲ್ಲಿ ಓಡಿಸುವುದೇ ಅಪರಾಧ! ಒಂದು ದಿನದ ಕೂಲಿ, ಪೆಟ್ರೋಲು, ಮಧ್ಯವರ್ತಿಯ ಕಮಿಷನ್ನು ಎಲ್ಲವನ್ನೂ ಲೆಕ್ಕಹಾಕಿದ ಬಡವ, ಆರ್‌ಸಿ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಗಾಡಿಯನ್ನು ಒಳದಾರಿಯಲ್ಲಿ ಓಡಿಸುತ್ತಾನೆ.

ಪರಿಣಾಮ ತಿಳಿಯುವುದು ಅಪಘಾತವಾದ ದಿನ. ಮಾರಾಟವಾದ 14 ದಿನದೊಳಗೆ ಮಾರಿದವನು, 30 ದಿನದೊಳಗೆ ಕೊಂಡವನು ವರ್ಗಾವಣೆಯನ್ನು ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ಹಾಗೆ ಮಾಡದೆ ಹಲವು ಕೈ ಬದಲಾಗಿದ್ದ ವಾಹನವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ವಿಮೆ ಚಾಲ್ತಿಯಲ್ಲಿದ್ದರೆ ಅದು ಗಾಡಿಯೊಂದಿಗೆ ಹೊಸ ಮಾಲೀಕನಿಗೆ ವರ್ಗವಾದಂತೆಯೇ ಎಂಬ 157ನೇ ಕಲಮಿನ ಆಸರೆಯಿದೆ. ವಿಮೆಯೇ ಇಲ್ಲದಿದ್ದರೆ? ಗಾಯಗೊಂಡ ಪಾದಚಾರಿಗೆ ಪರಿಹಾರ ಮರೀಚಿಕೆ. ಎಂದೋ ಗಾಡಿ ಮಾರಿ ಮರೆತವನ ಮನೆಗೆ ನೋಟಿಸು.

ಹಳೆಯ ಗಾಡಿಗಳೆಲ್ಲ ನಿರಪಾಯಕಾರಿ ಎಂದು ನಾನು ವಾದಿಸುತ್ತಿಲ್ಲ. ಇಲ್ಲಿನ ಮಳೆಗಾಲ ಚಾಸಿಯನ್ನು ಸೀಟಿನಡಿಯಲ್ಲೇ ತುಕ್ಕು ಹಿಡಿಸುತ್ತದೆ. ಸವೆದ ಬ್ರೇಕಿನ ಬೈಕು ಘಟ್ಟದ ಇಳಿಜಾರಿನಲ್ಲಿ ಮೃತ್ಯುವಾಹನ. ಎಥೆನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರುವುದರಿಂದ ಹಳೆಯ ಟ್ಯಾಂಕು, ರಬ್ಬರ್ ಭಾಗಗಳ ಮೇಲೆ ಕಣ್ಣಿಡಬೇಕು. ಆದಕಾರಣವೇ ತಪಾಸಣೆ ಬೇಕು. ಅದು ಅಳೆಯಬೇಕಾದುದು ಗಾಡಿಯ ಸ್ಥಿತಿಯನ್ನು. ವಯಸ್ಸಿಗೇ ದಂಡ ಹಾಕಿದರೆ ಗಾಡಿ ರಸ್ತೆಯಿಂದ ಹೋಗುವುದಿಲ್ಲ, ದಾಖಲೆಯಿಂದ ಮಾತ್ರ ಹೋಗುತ್ತದೆ. ದಾಖಲೆಯಿಂದ ಹೋದ ಗಾಡಿಯ ಬ್ರೇಕನ್ನು ಯಾವ ಅಧಿಕಾರಿಯೂ ಪರೀಕ್ಷಿಸಲಾರ.

ಪರಿಹಾರ ದುಬಾರಿಯಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಶಿಬಿರ ನಡೆಸುವುದು ಸಾರಿಗೆ ಇಲಾಖೆಗೆ ಹೊಸತಲ್ಲ. ತಿಂಗಳಿಗೊಮ್ಮೆ ಈ ಮೂರೂ ಊರುಗಳಲ್ಲಿ ತಪಾಸಣೆ, ನವೀಕರಣ, ಹೆಸರು ವರ್ಗಾವಣೆ ಒಂದೇ ಕಡೆ ನಡೆಯಲಿ. ವಿಮಾ ಪ್ರತಿನಿಧಿಗೂ ಅಲ್ಲೊಂದು ಮೇಜು ಇರಲಿ. ಜನರ ಹೊಣೆಯೂ ಇಲ್ಲದಿಲ್ಲ. ಕೊಳ್ಳುವವರು ಎಂಜಿನ್ನಿನ ಸದ್ದು ಆಲಿಸುವ ಮೊದಲು ಚಾಸಿ ನಂಬರನ್ನು ಪುಸ್ತಕದೊಂದಿಗೆ ತಾಳೆ ನೋಡಲಿ. ಮಾರುವವರು ಹಣ ಎಣಿಸಿಕೊಂಡಷ್ಟೇ ಎಚ್ಚರದಿಂದ 29, 30ನೇ ನಮೂನೆಗಳಿಗೆ ಸಹಿ ಹಾಕಿ, ವರ್ಗಾವಣೆ ಮುಗಿಯುವವರೆಗೆ ಬೆನ್ನುಹತ್ತಲಿ.

ನನ್ನ ಗಾಡಿಯ ಪುಸ್ತಕ ಈಗ ನನ್ನ ಹೆಸರಿನಲ್ಲಿದೆ. ಮುಂದಿನ ನವೀಕರಣ 2028ಕ್ಕೆ. ಶುಲ್ಕವನ್ನು ನಾನು ಹೇಗೋ ಕಟ್ಟಿಯೇನು. ಅದೇ ಶುಲ್ಕಕ್ಕೆ ಒಂದು ದಿನದ ಕೂಲಿಯನ್ನೂ ಸೇರಿಸಿ ಕಟ್ಟಬೇಕಾದ ನೆರೆಯವನು ಕಾನೂನಿನೊಳಗೆ ಉಳಿಯಬೇಕಾದರೆ, ಕಚೇರಿಯೇ ಘಟ್ಟ ಹತ್ತಿ ಅವನ ಬಳಿಗೆ ಬರಬೇಕು.