ಫೋಟೋದಲ್ಲಿ ಮಗುವಿನ ಕಣ್ಣು ಬೆಳ್ಳಗೆ ಹೊಳೆದರೆ: ಆರ್‌ಬಿ ಪ್ರೋಟೀನಿನ ಕಥೆ

ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಕೆಂಪಾಗಿ ಕಾಣುವುದು ನಮಗೆಲ್ಲ ಗೊತ್ತು. ಆದರೆ ಪುಟ್ಟ ಮಗುವಿನ ಒಂದು ಪಾಪೆ ಮಾತ್ರ ಬೆಳ್ಳಗೆ ಹೊಳೆದರೆ? ಅದು ಬೆಳಕು ಬಿದ್ದ ಕೋನದ ಆಟವಿರಬಹುದು, ಕಣ್ಣಿನ ಪೊರೆಯೂ ಇರಬಹುದು. ಅಪರೂಪಕ್ಕೆ ಅದು ರೆಟಿನೋಬ್ಲಾಸ್ಟೋಮ, ಅಂದರೆ ಅಕ್ಷಿಪಟಲದ ಕ್ಯಾನ್ಸರ್. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆಯ ಬೆನ್ನು ಹತ್ತಿದಾಗಲೇ ವಿಜ್ಞಾನಿಗಳಿಗೆ ಆರ್‌ಬಿ ಎಂಬ ಪ್ರೋಟೀನ್ ಸಿಕ್ಕಿದ್ದು.

ನಮ್ಮ ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುವುದು ಇ2ಎಫ್ ಎಂಬ ಪ್ರೋಟೀನ್‌ಗಳು. ಆರ್‌ಬಿ ಇವುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಹೊರಗಿನಿಂದ ‘ಬೆಳೆ’ ಎಂಬ ಸಂಕೇತ ಬಂದಾಗ ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳು ಚುರುಕಾಗಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ. ಹಿಡಿತ ಸಡಿಲವಾಗುತ್ತದೆ, ಇ2ಎಫ್ ಬಿಡುಗಡೆಯಾಗುತ್ತದೆ. ವಿಭಜನೆ ಮುಗಿಯುತ್ತಿದ್ದಂತೆ ಫಾಸ್ಫೇಟ್ ಕಳಚಿ ಆರ್‌ಬಿ ಮತ್ತೆ ಕಾವಲಿಗೆ ಕೂರುತ್ತದೆ. ಆರ್‌ಬಿಯೇ ಇಲ್ಲದ ಕೋಶಕ್ಕೆ ಈ ತಡೆಯೇ ಇರುವುದಿಲ್ಲ.

ಹಾಗಾಗಿ ಇದನ್ನು ‘ಕ್ಯಾನ್ಸರ್ ಜೀನ್’ ಎಂದು ಕರೆಯುವುದು ನಮಗೆ ಸರಿ ಕಾಣುವುದಿಲ್ಲ. ಈ ಜೀನ್ ಎಲ್ಲರಲ್ಲೂ ಇದೆ, ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ. ತೊಂದರೆ ಶುರುವಾಗುವುದು ಒಂದೇ ಕೋಶದಲ್ಲಿ ಎರಡೂ ಪ್ರತಿಗಳು ಕೆಟ್ಟಾಗ. 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ 48 ರೋಗಿಗಳ ದಾಖಲೆ ನೋಡಿ ಇದನ್ನು ಊಹಿಸಿದರು. ಆಗಿನ್ನೂ ಜೀನ್ ಕೈಗೆ ಸಿಕ್ಕಿರಲಿಲ್ಲ, ಅದು ಸಿಕ್ಕಿದ್ದು 1986ರಲ್ಲಿ! ಒಂದು ಕೆಟ್ಟ ಪ್ರತಿಯೊಂದಿಗೇ ಹುಟ್ಟಿದ ಮಕ್ಕಳಿಗೆ ಇನ್ನೊಂದು ಏಟು ಸಾಕು. ಅವರಲ್ಲಿ ಗಡ್ಡೆ ಬೇಗ ಬರುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ.

ಆರ್‌ಬಿಯ ಕೆಲಸ ಕಣ್ಣಿಗಷ್ಟೇ ಸೀಮಿತವಲ್ಲ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ತನ್ನ ಇ7 ಪ್ರೋಟೀನಿನಿಂದ ಇದೇ ಆರ್‌ಬಿಯನ್ನು ನಿಷ್ಕ್ರಿಯಗೊಳಿಸುತ್ತದೆ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಪಾಲ್ಬೋಸಿಕ್ಲಿಬ್ ಮಾತ್ರೆ ಸಿಡಿಕೆ4 ಮತ್ತು 6ನ್ನು ತಡೆದು ಆರ್‌ಬಿಯ ಹಿಡಿತವನ್ನು ಉಳಿಸುತ್ತದೆ. ಆರ್‌ಬಿಯನ್ನೇ ಕಳೆದುಕೊಂಡ ಗಡ್ಡೆಯಲ್ಲಿ ಅದರ ಆಟ ನಡೆಯುವುದಿಲ್ಲ.

‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂದು ಸುಮ್ಮನಾಗುವುದು ಬೇಡ. ಈ ಕಾಯಿಲೆ ಬರುವ ಬಹುಪಾಲು ಮಕ್ಕಳ ಮನೆಯಲ್ಲಿ ಹಿಂದೆ ಯಾರಿಗೂ ಬಂದಿರುವುದಿಲ್ಲ. ಬಿಳಿ ಹೊಳಪು ಅಥವಾ ಹೊಸದಾಗಿ ಮೆಳ್ಳಗಣ್ಣು ಕಂಡರೆ ಎಣ್ಣೆ, ಎದೆಹಾಲು ಹಾಕುತ್ತಾ ದಿನ ಕಳೆಯದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಆ ಫೋಟೋವನ್ನೂ ತೋರಿಸಿ. ಗಡ್ಡೆ ಕಣ್ಣಿನೊಳಗೇ ಇರುವಾಗ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ.