ಕೆಂಪು ಚುಕ್ಕೆಗೆ ಹೊಣೆ ಯಾರು?

ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸ ಮಂತ್ರವೊಂದು ಸಿಕ್ಕಿದೆ: ಲರ್ನಿಂಗ್ ಅನಾಲಿಟಿಕ್ಸ್. ಹಾಜರಿ, ಆಂತರಿಕ ಅಂಕ, ಆನ್‌ಲೈನ್ ಪಾಠಕ್ಕೆ ಲಾಗಿನ್ ಆದ ಲೆಕ್ಕ ಎಲ್ಲವನ್ನೂ ಕೂಡಿಸಿ, ಯಾರು ನಪಾಸಾಗಬಹುದು, ಯಾರು ಓದು ಬಿಡಬಹುದು ಎಂದು ಮೊದಲೇ ಹೇಳುವ ವಿದ್ಯೆ ಇದು. ಅಪಾಯದಲ್ಲಿರುವವರ ಹೆಸರಿನ ಮುಂದೆ ಪರದೆಯಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಇಂಥ ಯೋಜನೆ ಬರೆಯಲು ಕೂತವರಿಗೆ ನನ್ನದು ಒಂದೇ ಪ್ರಶ್ನೆ: ಚುಕ್ಕೆ ಬಿದ್ದ ಮರುದಿನ ಆ ವಿದ್ಯಾರ್ಥಿಯ ಬಳಿಗೆ ಹೋಗುವವರು ಯಾರು? ಇದಕ್ಕೆ ಹುದ್ದೆ ಮತ್ತು ಹಣದ ರೂಪದಲ್ಲಿ ಉತ್ತರವಿಲ್ಲದಿದ್ದರೆ ಯೋಜನೆಯನ್ನು ಹರಿದುಹಾಕುವುದೇ ಲೇಸು.

ಪುಣೆಯನ್ನೇ ನೋಡಿ. 1949ರಲ್ಲಿ ಶುರುವಾದ ಇಲ್ಲಿನ ವಿಶ್ವವಿದ್ಯಾಲಯ 2014ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರು ಹೊತ್ತಿದೆ. ಪುಣೆ, ಅಹಿಲ್ಯಾನಗರ, ನಾಸಿಕ್ ಜಿಲ್ಲೆಗಳ ನೂರಾರು ಕಾಲೇಜುಗಳು ಅದರ ಅಡಿಯಲ್ಲಿವೆ. ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನ ‘ಕಮವಾ ಆಣಿ ಶಿಕಾ’ ಯೋಜನೆಯಲ್ಲಿ, ಅಂದರೆ ದುಡಿಯುತ್ತಲೇ ಕಲಿಯುವ ಯೋಜನೆಯಲ್ಲಿ, ಓದುವವರು ಅಲ್ಲಿದ್ದಾರೆ. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆ ಮುಗಿಸಿ ಪುಣೆ ಸೇರುವ ಮಕ್ಕಳ ಮುಂದೆ ಮರಾಠಿ, ಇಂಗ್ಲಿಷ್ ಎರಡೂ ಗೋಡೆಗಳಂತೆ ನಿಲ್ಲುತ್ತವೆ. ಇಂಥವಳೊಬ್ಬಳು ಹತ್ತು ದಿನ ಲಾಗಿನ್ ಆಗದಿದ್ದರೆ ಡೇಟಾ ಪ್ಯಾಕ್ ಮುಗಿದಿರಬಹುದು, ಗೆಳತಿಯ ಫೋನಿನಲ್ಲೇ ಪಾಠ ಓದಿರಬಹುದು, ಕೆಲಸದ ಹೊತ್ತು ಬದಲಾಗಿರಬಹುದು. ಯಂತ್ರಕ್ಕೆ ಕಾಣುವುದು ಸೊನ್ನೆ ಮಾತ್ರ. ಸೊನ್ನೆಗೆ ಕಾರಣ ತಿಳಿಯಲು ಮನುಷ್ಯರೇ ಹೋಗಿ ಕೇಳಬೇಕು.

ಕೇಳುವವರಿಲ್ಲದ ಕಡೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯ ಸಾಕ್ಷಿ. ಹೊಸ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಸೋಲುವ ಸಂಭವವಿರುವವರನ್ನು ಗುರುತಿಸಿ, ಸರ್ಕಾರಕ್ಕೆ ಲೆಕ್ಕ ಒಪ್ಪಿಸುವ ಮೊದಲೇ ಅವರನ್ನು ಸಾಗಹಾಕಲು ಅಲ್ಲಿನ ಅಧ್ಯಕ್ಷ ಸೈಮನ್ ನ್ಯೂಮನ್ ಯೋಚಿಸಿದ್ದರು. ಹಾಗೆ ಮಾಡಿದರೆ ಉಳಿದವರ ಶೇಕಡಾವಾರು ಏರುತ್ತದಲ್ಲ! ವಿದ್ಯಾರ್ಥಿ ಪತ್ರಿಕೆ ಇದನ್ನು ಬಯಲಿಗೆಳೆಯಿತು. 2016ರ ಫೆಬ್ರುವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು.

ಹೊಗಳಿಕೆಗೆ ಪಾತ್ರವಾದ ಉದಾಹರಣೆಯೂ ಇದೆ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಿಂದ ಸುಮಾರು 800 ಅಪಾಯ ಸೂಚಕಗಳನ್ನು ಗಮನಿಸುತ್ತ ಬಂದಿದೆ. ನಮ್ಮವರು ಈ 800ನ್ನು ಮಾತ್ರ ಉದ್ಧರಿಸುತ್ತಾರೆ. ಆ ವಿಶ್ವವಿದ್ಯಾಲಯ ಅದರ ಜೊತೆಗೇ ಹತ್ತಾರು ಸಲಹೆಗಾರರನ್ನು ನೇಮಿಸಿಕೊಂಡಿತು, ಶುಲ್ಕದ ಸಣ್ಣ ಬಾಕಿಗಾಗಿ ಹೊರಬೀಳುತ್ತಿದ್ದವರಿಗೆ ಹಣ ಕೊಟ್ಟಿತು. ಆ ಸಂಗತಿ ಯಾರ ಬಾಯಲ್ಲೂ ಬರುವುದಿಲ್ಲ. ಏಕೆಂದರೆ ಸಾಫ್ಟ್‌ವೇರನ್ನು ಒಮ್ಮೆ ಟೆಂಡರ್ ಕರೆದು ಕೊಳ್ಳಬಹುದು. ಸಲಹೆಗಾರರಿಗೆ ಪ್ರತಿ ತಿಂಗಳೂ ಸಂಬಳ ಕೊಡಬೇಕು.

ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು ಹೇಗೆ ಗಮನಿಸಬೇಕು, ಯಂತ್ರದ ನೆರವು ಬೇಡವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಮಾತು. ಆದರೆ ಒಬ್ಬ ಮೇಷ್ಟ್ರಿಗೆ ನೂರಾರು ಮಕ್ಕಳೇಕೆ? ಬೋಧಕ ಹುದ್ದೆಗಳು ಖಾಲಿ ಬಿದ್ದಿರುವುದಕ್ಕೆ, ವಿದ್ಯಾರ್ಥಿವೇತನ ತಡವಾಗಿ ಬರುವುದಕ್ಕೆ ಯಾವ ಕೆಂಪು ಚುಕ್ಕೆಯೂ ಬೀಳುವುದಿಲ್ಲ. ಚುಕ್ಕೆಗಳೆಲ್ಲ ವಿದ್ಯಾರ್ಥಿಯ ಹಣೆಗೇ. ನ್ಯಾಕ್ ತಂಡ ಬಂದ ದಿನ ತೋರಿಸಲು, ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಮೇಲೇರಲು ಡ್ಯಾಶ್‌ಬೋರ್ಡ್ ಕಟ್ಟಿದರೆ, ಮೌಂಟ್ ಸೇಂಟ್ ಮೇರೀಸ್‌ನ ದಾರಿ ನಮಗೂ ದೂರವಿಲ್ಲ.

ಒಪ್ಪಿಗೆಯ ಮಾತಂತೂ ಬರೀ ಶಾಸ್ತ್ರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದದ್ದು 2017ರಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವಇಚ್ಛೆಯದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಪ್ರವೇಶದ ಕಿಟಕಿಯ ಮುಂದೆ ಫಾರಂ ಹಿಡಿದು ನಿಂತ ಹುಡುಗಿ ‘ಒಪ್ಪುವುದಿಲ್ಲ’ ಎನ್ನಬಲ್ಲಳೇ?

ಹಾಗಾಗಿ ಯೋಜನೆಯ ಮೊದಲ ಪುಟದಲ್ಲೇ ನಾಲ್ಕು ಮಾತು ಇರಲಿ. ಇಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರರು. ಇಷ್ಟು ದಿನದೊಳಗೆ ಭೇಟಿ. ತನ್ನ ಬಗ್ಗೆ ಯಂತ್ರ ಹೇಳಿದ್ದನ್ನು ನೋಡಿ ತಿದ್ದಿಸುವ ಹಕ್ಕು ವಿದ್ಯಾರ್ಥಿಗೆ. ಈ ಮಾಹಿತಿ ಹಾಸ್ಟೆಲ್, ಪ್ಲೇಸ್‌ಮೆಂಟ್, ಶಿಸ್ತು ಸಮಿತಿಗಳ ಕಡೆ ಸುಳಿಯಕೂಡದು. ಇವಿಲ್ಲದೆ ಟೆಂಡರ್ ಕರೆಯಬೇಡಿ.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ, ಆ ಕಾಲದ ಯಾವ ಲೆಕ್ಕಾಚಾರವೂ ಆ ಮಕ್ಕಳು ಕಲಿತಾರು ಎನ್ನುತ್ತಿರಲಿಲ್ಲ. ಸಾವಿತ್ರಿಬಾಯಿಯವರು ಲೆಕ್ಕವನ್ನು ಬದಿಗಿಟ್ಟು ಪಾಠ ಮಾಡಿದರು. ಅವರ ಹೆಸರು ಹೊತ್ತ ವಿಶ್ವವಿದ್ಯಾಲಯ ಇದನ್ನು ಮರೆಯಬಾರದು.